ತಲೆ ಮೇಲಿನ ಪುಸ್ತಕದ ಗಂಟು

‘ನೀವು ಯಾರನ್ನ ಓದ್ತೀರಾ?’

ಆಫೀಸಿನ ಕ್ಯಾಂಟೀನಿನಲ್ಲಿ, ಚಾರಣಕ್ಕೆ ಹೊರಟ ಬಸ್ಸಿನಲ್ಲಿ, ಅಷ್ಟೇ ಏಕೆ, ಹೆಣ್ಣು-ಗಂಡು ಮೊದಲ ಸಲ ಕೂತು ಕಾಫಿ ಕುಡಿಯುವಾಗಲೂ ಈ ಪ್ರಶ್ನೆ ಬಂದೇ ಬರುತ್ತೆ. ಒಬ್ಬರು ತೇಜಸ್ವಿ ಅಂತಾರೆ, ಇನ್ನೊಬ್ಬರು ಭೈರಪ್ಪ ಅಂತಾರೆ, ಮತ್ತೊಬ್ಬರು ಸ್ವಲ್ಪ ತಡೆದು, ‘ನಾನು ಅಷ್ಟಿಲ್ಲ, ನಮ್ಮಮ್ಮ ತ್ರಿವೇಣಿ ಓದ್ತಿದ್ರು’ ಅಂತಾರೆ. ಉತ್ತರ ಕೇಳಿದ ಕೂಡಲೇ ಎದುರಿಗಿರೋರು ಎಂಥವರು ಅಂತ ನಾವು ಮನಸ್ಸಲ್ಲೇ ಅರ್ಧ ಲೆಕ್ಕ ಹಾಕಿ ಮುಗಿಸಿರ್ತೀವಿ. ಈ ಪ್ರಶ್ನೆ ನಮಗೆ ಎಷ್ಟು ಸಹಜವಾಗಿಬಿಟ್ಟಿದೆ ಅಂದ್ರೆ, ಇದಕ್ಕೂ ಒಂದು ಇತಿಹಾಸ ಇರಬಹುದು ಅಂತ ಹೊಳೆಯೋದೇ ಇಲ್ಲ.

ಆದರೆ ಇದೆ. ಕನ್ನಡದಲ್ಲಿ ಈ ಪ್ರಶ್ನೆಗೆ ಸುಮಾರು 150 ವರ್ಷ ವಯಸ್ಸು, ಅಷ್ಟೆ.

ಅದಕ್ಕೂ ಮೊದಲು ಕನ್ನಡಿಗರಿಗೆ ಸಾಹಿತ್ಯದ ರುಚಿ ಇರಲಿಲ್ಲ ಅಂತಲ್ಲ. ಕುಮಾರವ್ಯಾಸ ಇದ್ದ, ಲಕ್ಷ್ಮೀಶ ಇದ್ದ, ದಾಸರ ಪದಗಳಿದ್ದವು, ವಚನಗಳಿದ್ದವು. ಆದರೆ ಹೆಚ್ಚಿನ ಜನಕ್ಕೆ ಅವೆಲ್ಲ ಕಿವಿಗೆ ಬೀಳುತ್ತಿದ್ದವೇ ಹೊರತು ಕಣ್ಣಿಗಲ್ಲ. ಗುಡಿಯ ಜಗುಲಿಯಲ್ಲಿ ಗಮಕಿಯೊಬ್ಬರು ಭಾರತ ವಾಚನ ಮಾಡುತ್ತಿದ್ದರೆ ಊರಿಗೆ ಊರೇ ಕೂತು ಕೇಳುತ್ತಿತ್ತು. ಅಲ್ಲಿ ‘ನನಗೆ ಇವರು ಇಷ್ಟ, ನಿನಗೆ ಯಾರು?’ ಅನ್ನೋ ಮಾತಿಗೆ ಹೆಚ್ಚು ಜಾಗವಿರಲಿಲ್ಲ. ಒಬ್ಬರೇ ಮೂಲೆಯಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ತಮಗೆ ಬೇಕಾದ ಪುಸ್ತಕವನ್ನು ತಮ್ಮ ಪಾಡಿಗೆ ಓದೋ ಚಟ ಶುರುವಾದದ್ದು ಅಚ್ಚಿನ ಪುಸ್ತಕ ಬಂದ ಮೇಲೆ. ಅದರಲ್ಲೂ ಕಾದಂಬರಿ ಬಂದ ಮೇಲೆ.

ಆ ಚಟ ಹತ್ತಿಸಿದವರಲ್ಲಿ ಮೊದಲಿಗರು ಬಿ. ವೆಂಕಟಾಚಾರ್ಯರು (1845–1914). ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿ ಕೆಲಸ. ಬಂಗಾಳ ಎಲ್ಲಿ, ಮೈಸೂರು ಎಲ್ಲಿ! ಆದರೂ ಈ ಮನುಷ್ಯ ಈಶ್ವರಚಂದ್ರ ವಿದ್ಯಾಸಾಗರರ ಜತೆ ಪತ್ರ ವ್ಯವಹಾರ ಇಟ್ಟುಕೊಂಡು ಬಂಗಾಳಿ ಕಲಿತರು. ಮೊದಲು ವಿದ್ಯಾಸಾಗರರ ‘ಭ್ರಾಂತಿವಿಲಾಸ’ವನ್ನು ಕನ್ನಡಕ್ಕೆ ತಂದರು. ಅದು ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕ ಬಂಗಾಳಿ ಕಥೆಯ ವೇಷ ಹಾಕಿಕೊಂಡು ಬಂದದ್ದು. ಆಮೇಲೆ ಬಂಕಿಮಚಂದ್ರರ ಕಾದಂಬರಿಗಳು ಒಂದರ ಹಿಂದೆ ಒಂದು ಬಂದವು: ‘ದುರ್ಗೇಶನಂದಿನಿ’, ‘ವಿಷವೃಕ್ಷ’, ‘ಆನಂದಮಠ’.

ಇಲ್ಲಿ ಸ್ವಲ್ಪ ನಿಲ್ಲಿ. ಕನ್ನಡದ ಓದುಗರ ಮೊಟ್ಟಮೊದಲ ‘ಫೇವರಿಟ್’ ಕಾದಂಬರಿಕಾರರಲ್ಲಿ ಒಬ್ಬರು ಕನ್ನಡದವರೇ ಅಲ್ಲ, ಕಲ್ಕತ್ತದ ಬಂಕಿಮಚಂದ್ರರು. ಮೈಸೂರು ಸೀಮೆಯ ಒಬ್ಬ ಸರ್ಕಾರಿ ನೌಕರರಿಗೆ ಅವರು ಇಷ್ಟವಾದರು. ಇಷ್ಟವಾದದ್ದನ್ನು ತಾವೊಬ್ಬರೇ ಇಟ್ಟುಕೊಳ್ಳಲು ಆಗಲಿಲ್ಲ. ನಾವು ಇವತ್ತು ಒಂದು ಲಿಂಕ್ ಕಳಿಸಿ ‘ಓದು ಮಗಾ, ಸಖತ್ತಾಗಿದೆ’ ಅಂತೀವಲ್ಲ, ಅದೇ ಆಸೆ. ಅವರು ಅದಕ್ಕೋಸ್ಕರ ಒಂದು ಭಾಷೆ ಕಲಿತರು, ಮಿಕ್ಕ ಆಯುಸ್ಸನ್ನೆಲ್ಲ ಅನುವಾದಕ್ಕೆ ಕೊಟ್ಟರು.

ಉತ್ತರ ಕರ್ನಾಟಕದ ಕಥೆ ಇನ್ನೂ ಬೇರೆ. ಆಗ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯದ ಭಾಗ. ಓದಿದವರ ಮನೆಗಳಲ್ಲಿ ಮರಾಠಿಗೆ ಮಣೆ. ಮನೆಮಾತು ಕನ್ನಡವಾದರೂ ಕೈಯಲ್ಲಿ ಹಿಡಿಯೋ ಪುಸ್ತಕ ಮರಾಠಿಯದು. ಯಾಕೆ ಅಂದ್ರೆ, ಓದಿಸಿಕೊಂಡು ಹೋಗುವ ಕಾದಂಬರಿಗಳು ಅಲ್ಲಿದ್ದವು. ಹರಿ ನಾರಾಯಣ ಆಪ್ಟೆ ಅವರ ಐತಿಹಾಸಿಕ ಕಾದಂಬರಿ ಅಂದ್ರೆ ಜನ ಊಟ ಬಿಟ್ಟು ಓದೋ ಕಾಲ. ಭಾಷಾಭಿಮಾನದ ಭಾಷಣ ಎಷ್ಟು ಮಾಡಿದರೂ, ರಾತ್ರಿ ದೀಪದ ಬುಡದಲ್ಲಿ ಕೂತವನಿಗೆ ಒಂದು ಒಳ್ಳೆಯ ಕಥೆ ಬೇಕು. ಕನ್ನಡದಲ್ಲಿ ಅದು ಸಿಗದಿದ್ದರೆ ಅವನು ಮರಾಠಿಗೇ ಹೋಗ್ತಾನೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಗಳಗನಾಥರು (1869–1942). ನಿಜವಾದ ಹೆಸರು ವೆಂಕಟೇಶ ತಿರಕೊ ಕುಲಕರ್ಣಿ. ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಅವರ ಊರು, ಊರ ಹೆಸರೇ ಕಾವ್ಯನಾಮವಾಯಿತು. ಶಾಲಾ ಮಾಸ್ತರರಾಗಿದ್ದವರು ಆ ಕೆಲಸ ಬಿಟ್ಟು ಬರವಣಿಗೆಗೆ ಇಳಿದರು. ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವಂತದ್ದನ್ನೂ ಬರೆದರು. ವಿಜಯನಗರದ ಹುಟ್ಟಿನ ಕಥೆ ಹೇಳುವ ‘ಮಾಧವ ಕರುಣಾವಿಲಾಸ’ ಅವರ ದೊಡ್ಡ ಹೆಸರಿನ ಪುಸ್ತಕ. ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಹಿಂದೆಯೂ ಅವರ ದುಡಿಮೆ ಇತ್ತು.

ಬರೆದಾಯಿತು, ಅಚ್ಚಾಯಿತು. ಮುಂದೆ? ಪುಸ್ತಕದ ಅಂಗಡಿಗಳ ಸಾಲಿಲ್ಲ, ಕೊರಿಯರ್ ಇಲ್ಲ, ಜಾಹೀರಾತಿಗೆ ದುಡ್ಡಿಲ್ಲ. ಗಳಗನಾಥರು ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತರು. ಊರೂರು ತಿರುಗಿದರು, ಮನೆಮನೆ ಬಾಗಿಲು ತಟ್ಟಿದರು, ‘ಇದನ್ನ ಓದ್ರಿ’ ಅಂದರು.

ಆ ದೃಶ್ಯವನ್ನು ಸುಮ್ಮನೆ ಕಲ್ಪಿಸಿಕೊಳ್ಳಿ. ಬಿಸಿಲಲ್ಲಿ ನಡೆದು ಬಂದ ಒಬ್ಬ ಲೇಖಕ ನಿಮ್ಮ ಕಟ್ಟೆ ಮೇಲೆ ಗಂಟು ಇಳಿಸ್ತಾನೆ. ಅವನಿಗೆ ನೀವು ಯಾರು ಅಂತ ಗೊತ್ತಿಲ್ಲ, ನಿಮ್ಮ ರುಚಿ ಏನು ಅಂತಲೂ ಗೊತ್ತಿಲ್ಲ. ಗೊತ್ತಿರೋದು ಇಷ್ಟೇ, ಈ ಮನೆಯಲ್ಲಿ ಒಬ್ಬರಾದರೂ ಕನ್ನಡ ಅಕ್ಷರ ಬಲ್ಲವರು ಇರಬಹುದು. ನೀವು ‘ಬ್ಯಾಡ್ರಿ’ ಅಂದರೆ ಅದೇ ಭಾರವನ್ನು ಮತ್ತೆ ತಲೆಗೇರಿಸಿ ಮುಂದಿನ ಮನೆಗೆ ಹೋಗಬೇಕು. ಕನ್ನಡಿಗರಿಗೆ ಕಾದಂಬರಿ ಓದೋದು ಕಲಿಸಿದವರು ವೆಂಕಟಾಚಾರ್ಯ ಮತ್ತು ಗಳಗನಾಥ ಅಂತ ಹಿರಿಯರು ಹೇಳ್ತಾರಲ್ಲ, ಆ ಮಾತಿನ ಹಿಂದೆ ಇಷ್ಟು ನಡಿಗೆ ಇದೆ.

ಗಳಗನಾಥರಿಗೆ ಕಾಲು ಸೋತ ಹೊತ್ತಿಗೆ ಧಾರವಾಡದಲ್ಲಿ ಇನ್ನೊಂದು ಉಪಾಯ ಶುರುವಾಗಿತ್ತು. 1933ರಲ್ಲಿ ಜಿ. ಬಿ. ಜೋಶಿಯವರು ‘ಮನೋಹರ ಗ್ರಂಥಮಾಲಾ’ ಕಟ್ಟಿದರು. ಇವರೇ ‘ಜಡಭರತ’ ಅನ್ನೋ ಹೆಸರಿನ ನಾಟಕಕಾರರು. ಉಪಾಯ ಸರಳ: ಓದುಗರು ಮೊದಲೇ ವರ್ಷದ ಚಂದಾ ಕೊಡಬೇಕು, ಮಾಲೆಯ ಪುಸ್ತಕಗಳು ಮನೆಗೇ ಬರುತ್ತವೆ. ಯಾವ ಪುಸ್ತಕ ಅನ್ನೋದನ್ನ ಚಂದಾದಾರರು ಆರಿಸೋ ಹಾಗಿಲ್ಲ. ಅದನ್ನ ಜೋಶಿಯವರು, ಮುಂದೆ ಅವರ ಜತೆಯಾದ ಕೀರ್ತಿನಾಥ ಕುರ್ತಕೋಟಿಯವರು, ಅವರ ‘ಅಟ್ಟ’ದಲ್ಲಿ ಕೂತು ಹರಟುವ ಗೆಳೆಯರು ನೋಡಿಕೊಳ್ತಾರೆ. ಅಟ್ಟ ಅಂದ್ರೆ ಅಟ್ಟವೇ, ಮಹಡಿ ಮೇಲಿನ ಅವರ ಕಚೇರಿ.

ಈಗಿನ ಭಾಷೆಯಲ್ಲಿ ಇದನ್ನು ಸಬ್‌ಸ್ಕ್ರಿಪ್ಶನ್ ಅನ್ನಬಹುದು. ಆದರೆ ಒಂದು ವ್ಯತ್ಯಾಸ ಇದೆ. ಇವತ್ತಿನ ಆ್ಯಪ್ ನಾವು ನಿನ್ನೆ ಏನು ನೋಡಿದ್ವಿ ಅಂತ ಲೆಕ್ಕ ಇಟ್ಟು, ನಾಳೆಗೆ ಅದರಂಥದ್ದನ್ನೇ ತಂದು ಮುಂದಿಡುತ್ತೆ. ಗ್ರಂಥಮಾಲೆಯ ಚಂದಾದಾರರಿಗೆ ಬರುತ್ತಿದ್ದದ್ದು ಅವರು ಹಿಂದೆಂದೂ ಓದದೇ ಇದ್ದದ್ದು. 1961ರಲ್ಲಿ ‘ಯಯಾತಿ’ ಅನ್ನೋ ನಾಟಕ ಬಂತು. ಬರೆದದ್ದು ಆಕ್ಸ್‌ಫರ್ಡಿಗೆ ಓದಲು ಹೋಗಿದ್ದ, ಯಾರಿಗೂ ಗೊತ್ತಿಲ್ಲದ ಒಬ್ಬ ಹುಡುಗ, ಗಿರೀಶ ಕಾರ್ನಾಡ. 1965ರಲ್ಲಿ ‘ಸಂಸ್ಕಾರ’ ಬಂತು, ಯು. ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ. ಅಗ್ರಹಾರದ ಒಳಗನ್ನು ಹೊರಗೆ ಹಾಕಿದ ಆ ಪುಸ್ತಕದ ಮೇಲೆ ಎಷ್ಟು ಜಗಳ ಆಯಿತು ಅಂತ ಕೇಳಿರ್ತೀರಿ. ಆ ಕಾಲದ ಸಂಪ್ರದಾಯಸ್ಥ ಮನೆಯೊಂದಕ್ಕೆ, ಮುಂಗಡ ದುಡ್ಡು ಕೊಟ್ಟ ತಪ್ಪಿಗೆ, ಅಂಚೆಯವನು ‘ಸಂಸ್ಕಾರ’ ತಂದುಕೊಟ್ಟಿದ್ದರೆ ಹೇಗಿದ್ದಿರಬೇಡ! ಕೆಲವರು ಸಿಟ್ಟಾಗಿರಬಹುದು, ಬೈದಿರಬಹುದು. ಓದಿದ ಮೇಲೆ ಬೈದಿರಬಹುದು, ಅದು ಮುಖ್ಯ. ಅಭಿರುಚಿ ಬೆಳೆಯೋದೇ ಹೀಗೆ. ನಾವೇ ಆರಿಸಿಕೊಂಡಿದ್ದರೆ ಮುಟ್ಟುತ್ತಿರಲಿಲ್ಲ ಅನ್ನೋ ಪುಸ್ತಕವನ್ನು, ನಾವು ನಂಬುವ ಇನ್ನೊಬ್ಬರು ಕೈಗೆ ತುರುಕಿದಾಗ.

ಇದು ಕಥೆಯ ಒಂದು ಮಗ್ಗುಲು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅಟ್ಟದ ಮೇಲೆ ಕೂತವರಿಗೆ ಮಾತ್ರ ರುಚಿ ಇತ್ತು ಅಂದ ಹಾಗಾಗುತ್ತೆ. ನಿಜವಾಗಿ ಕನ್ನಡದಲ್ಲಿ ದೊಡ್ಡ ಓದುಗ ಸಮೂಹ ಬೆಳೆದದ್ದು ಇನ್ನೊಂದು ದಾರಿಯಲ್ಲಿ: ವಾರಪತ್ರಿಕೆಯ ಧಾರಾವಾಹಿ ಮತ್ತು ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ. ಅ.ನ.ಕೃ. (1908–1971) ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ‘ನಗ್ನಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ಅಶ್ಲೀಲ ಅಂತ ಗಲಾಟೆಯಾದಾಗ, ‘ಸಾಹಿತ್ಯ ಮತ್ತು ಕಾಮ ಪ್ರಚೋದನೆ’ ಅಂತ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ತ.ರಾ.ಸು. ಚಿತ್ರದುರ್ಗವನ್ನು ಕನ್ನಡಿಗರೆಲ್ಲರ ಊರು ಮಾಡಿದರು. 1965ರಲ್ಲಿ ‘ಸುಧಾ’ ಶುರುವಾಯಿತು. ಮನೆಗೆ ಬಂದ ವಾರಪತ್ರಿಕೆಗೆ ಮೊದಲು ಯಾರು ಕೈ ಹಾಕಬೇಕು ಅನ್ನೋ ಜಗಳ ಅಂದಿನ ಮಕ್ಕಳಿಗೆಲ್ಲ ನೆನಪಿದೆ, ನಿಮ್ಮ ಚಿಕ್ಕಮ್ಮನನ್ನೋ ಮಾವನನ್ನೋ ಕೇಳಿ ನೋಡಿ.

ಆಮೇಲೆ ತ್ರಿವೇಣಿ. ಅನಸೂಯಾ ಶಂಕರ್ ಅವರ ಹೆಸರು. ಮನಃಶಾಸ್ತ್ರ ಓದಿದ್ದವರು. 1953ರಲ್ಲಿ ಮೊದಲ ಕಾದಂಬರಿ ‘ಅಪಸ್ವರ’. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು, ಆಗ ವಯಸ್ಸು ಇನ್ನೂ 34. ನಡುವಿನ ಹತ್ತೇ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ವಾಸಿಯಾಗಿ ಮನೆಗೆ ಬಂದ ಮೇಲೂ ಜನ ಅವಳನ್ನು ಹುಚ್ಚಿ ಅಂತಲೇ ನೋಡ್ತಾರೆ. ಹೆರಿಗೆಯ ನಂತರದ ಖಿನ್ನತೆ ಬಗ್ಗೆ ನಾವು ಈಗೀಗ ಬಾಯಿ ಬಿಟ್ಟು ಮಾತಾಡ್ತಿದ್ದೀವಿ. ನಮ್ಮ ಅಜ್ಜಿಯರು ಅದನ್ನ 60ರ ದಶಕದಲ್ಲೇ ಓದಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪಕ್ಕದ ಮನೆಯಾಕೆಗೆ ದಾಟಿಸಿದ್ದರು.

ಆ ದಾಟಿಸುವಿಕೆಗೆ ದಾಖಲೆ ಇಲ್ಲ. ಅಟ್ಟದ ಮೇಲಿನ ಹರಟೆಗೆ ನೆನಪಿನ ಪುಸ್ತಕಗಳಿವೆ, ವಿಮರ್ಶೆಯ ಸಂಪುಟಗಳಿವೆ. ಹಿತ್ತಲ ಬಾಗಿಲಲ್ಲಿ, ನೀರಿನ ನಲ್ಲಿಯ ಹತ್ತಿರ, ಹೆಂಗಸರು ‘ಇದು ಓದಿದ್ರಾ?’ ಅಂತ ಕೇಳಿಕೊಂಡದ್ದನ್ನು ಯಾರೂ ಬರೆದಿಡಲಿಲ್ಲ. ಬದಲಿಗೆ ಅವರ ಓದಿಗೆ ‘ಅಡುಗೆಮನೆ ಸಾಹಿತ್ಯ’ ಅಂತ ಹೆಸರಿಟ್ಟು ಪಕ್ಕಕ್ಕೆ ಸರಿಸಿದವರು ಇದ್ದರು. ಆದರೆ ಎಷ್ಟೋ ಪ್ರಕಾಶಕರ, ಎಷ್ಟೋ ಪತ್ರಿಕೆಗಳ ಅನ್ನ ಬೆಂದದ್ದು ಆ ಅಡುಗೆಮನೆಗಳಲ್ಲೇ. ‘ನಮ್ಮಮ್ಮ ತ್ರಿವೇಣಿ ಓದ್ತಿದ್ರು’ ಅಂತ ಸಂಕೋಚದಿಂದ ಹೇಳೋ ಅಗತ್ಯವಿಲ್ಲ ಅನ್ನೋದು ಇದಕ್ಕೇ.

ಈಗ ನಮ್ಮ ಕಾಲಕ್ಕೆ ಬರೋಣ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಅನುವಾದ ದೀಪಾ ಭಾಸ್ತಿಯವರದು. ನಮಗೆಲ್ಲ ಹೆಮ್ಮೆ, ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಜತೆಗೇ ಒಂದು ಪ್ರಶ್ನೆಯೂ ಓಡಾಡಿತು: ‘ಯಾರು ಇವರು?’ ಬಾನು ಅವರು ಬರೆಯಲು ಶುರು ಮಾಡಿ ದಶಕಗಳೇ ಆಗಿದ್ದವು. ಅವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿಯೂ 20 ವರ್ಷ ಆಗಿತ್ತು. ಹಾಸನದ ಲೇಖಕಿ ಬೆಂಗಳೂರಿನ ಎಷ್ಟೋ ಕನ್ನಡದ ಮನೆಗಳಿಗೆ ತಲುಪೋಕೆ ಲಂಡನ್ ಸುತ್ತಿಕೊಂಡು ಬರಬೇಕಾಯಿತು.

ಲಂಡನ್ನಿನಿಂದ ಬಂದದ್ದು ತಪ್ಪೇನಲ್ಲ, ಬಂಕಿಮರೂ ಕಲ್ಕತ್ತದಿಂದಲೇ ಬಂದರು. ಕೇಳಬೇಕಾದ್ದು, ನಡುವೆ ಇದ್ದ ಸರಪಳಿ ಎಲ್ಲಿ ಕಳಚಿತು ಅನ್ನೋದು. ಚಿಕ್ಕಮ್ಮನಿಂದ ಸೊಸೆಗೆ, ಮೇಷ್ಟ್ರಿಂದ ಹುಡುಗನಿಗೆ, ರೂಮ್‌ಮೇಟ್‌ನಿಂದ ರೂಮ್‌ಮೇಟ್‌ಗೆ ಪುಸ್ತಕ ದಾಟುತ್ತಿದ್ದ ದಾರಿ ಇಂಗ್ಲಿಷ್ ಮಾಧ್ಯಮ, ಐಟಿ ಕೆಲಸ, ಮೊಬೈಲಿನ ಪರದೆ ಇವುಗಳ ನಡುವೆ ಎಲ್ಲೋ ಸಣ್ಣದಾಯಿತು. ‘ಈಗ ಕನ್ನಡದಲ್ಲಿ ಯಾರು ಚೆನ್ನಾಗಿ ಬರೀತಾರೆ?’ ಅಂತ ಕೇಳೋರು ಬಹಳ ಸಲ ಗೇಲಿಗೆ ಕೇಳ್ತಿಲ್ಲ. ಅವರಿಗೆ ಹೇಳೋರು ಯಾರೂ ಸಿಕ್ಕಿಲ್ಲ, ಅಷ್ಟೆ.

ಒಂದು ಸಣ್ಣ ಲೆಕ್ಕ ಹೇಳಿ ಮುಗಿಸ್ತೀನಿ. ಹೊಸ ಲೇಖಕರ ಕನ್ನಡ ಪುಸ್ತಕದ ಮೊದಲ ಮುದ್ರಣ ಅಂದ್ರೆ ಸಾಮಾನ್ಯವಾಗಿ 1000 ಪ್ರತಿ, ಕೆಲವೊಮ್ಮೆ ಅದೂ ಇಲ್ಲ. ನೀವು ಒಂದು ಪುಸ್ತಕವನ್ನು ಮನಸಾರೆ ಮೆಚ್ಚಿ ಹತ್ತು ಜನಕ್ಕೆ ಹೇಳಿ, ಆ ಹತ್ತು ಜನ ಕೊಂಡರೆ, ಇಡೀ ಮುದ್ರಣದ ಶೇ. 1ರಷ್ಟನ್ನು ನೀವೊಬ್ಬರೇ ಮಾರಿದ ಹಾಗಾಯ್ತು. ಇಂಗ್ಲಿಷಿನ ಭಾರಿ ಮಾರಾಟದ ಪುಸ್ತಕವೊಂದರ ಬಗ್ಗೆ ನೀವು ಎಷ್ಟೇ ಹೊಗಳಿ ಬರೆದರೂ ಆ ಸಮುದ್ರಕ್ಕೆ ಒಂದು ಹನಿ. ಕನ್ನಡದಲ್ಲಿ ನಿಮ್ಮ ಒಂದು ಮಾತಿಗೆ ಅಷ್ಟು ತೂಕ ಇದೆ. ಒಬ್ಬ ಲೇಖಕಿ ಎರಡನೇ ಪುಸ್ತಕ ಬರೀತಾಳೋ ಇಲ್ಲವೋ ಅನ್ನೋದು ಅಂಥ ನೂರು ಮಾತುಗಳ ಮೇಲೆ ನಿಂತಿರುತ್ತೆ.

ಗಂಟು ತಲೆ ಮೇಲೆ ಹೊರೋ ಕಾಲ ಈಗಿಲ್ಲ. ಬಾಗಿಲು ತಟ್ಟೋದು ಮಾತ್ರ ಬಾಕಿ ಇದೆ.