ಬೊಲೊನ್ಯ ಪಟ್ಟಣದ ನೆಪ್ಟ್ಯೂನ್ ಕಾರಂಜಿ

ಉತ್ತರ ಇಟಲಿಯ ಬೊಲೊನ್ಯ ಪಟ್ಟಣವು ತನ್ನ ಪುರಾತನ ವಿಶ್ವವಿದ್ಯಾನಿಲಯದಿಂದ ಪ್ರಖ್ಯಾತವಾದುದು. ಅಲ್ಲಿಯ ದೊಡ್ಡ ಚೌಕದ ಮಗ್ಗುಲಲ್ಲಿ ಸಮುದ್ರಾಧಿಪತಿಯಾದ ನೆಪ್ಟ್ಯೂನನ ಕಂಚಿನ ಮೂರ್ತಿಯನ್ನು ಶಿರದಲ್ಲಿ ಧರಿಸಿದ ಕಾರಂಜಿಯೊಂದುಂಟು. ನಮ್ಮ ಪುರಾಣಗಳಲ್ಲಿ ವರುಣನಿಗಿರುವ ಸ್ಥಾನವೇ ರೋಮನರಲ್ಲಿ ಈ ದೇವತೆಗೆ. ಕಾರಂಜಿಯ ನಾಲ್ಕು ಮುಖಗಳಲ್ಲಿ ಲ್ಯಾಟಿನ್ ಭಾಷೆಯ ಕಿರುಲೇಖಗಳಿವೆ. ಚೌಕದ ಅಲಂಕಾರಕ್ಕಾಗಿ ಎಂದು ಒಂದು, ಜನರ ಅನುಕೂಲಕ್ಕಾಗಿ ಎಂದು ಇನ್ನೊಂದು, ಸಾರ್ವಜನಿಕ ಧನದಿಂದ ಎಂದು ಮತ್ತೊಂದು. ನಾಲ್ಕನೆಯದು 1564 ಎಂಬ ವರ್ಷ. ಅಲಂಕಾರವೂ ಅನುಕೂಲವೂ ಒಂದೆಡೆ ಬಾಳಬಲ್ಲವೇ ಎಂಬುದೇ ಈ ಕಾರಂಜಿಯ ಚರಿತ್ರೆಯ ತಿರುಳು.

1506ರಲ್ಲಿ ಪೋಪ್ ಎರಡನೆಯ ಜೂಲಿಯಸನು ಬೊಲೊನ್ಯವನ್ನು ವಶಪಡಿಸಿಕೊಂಡ ಮೇಲೆ ಆ ನಗರವು ಪೋಪರ ಪ್ರತಿನಿಧಿಗಳ ಆಡಳಿತಕ್ಕೆ ಒಳಪಟ್ಟಿತು. ನಾಲ್ಕನೆಯ ಪಯಸನ ಕಾಲದಲ್ಲಿ ಚೇಸಿ ಎಂಬ ಅಧಿಕಾರಿಯು ಹಳೆಯ ಮನೆಗಳನ್ನು ಕೆಡವಿಸಿ, ಸ್ಥಳವನ್ನು ತೆರವುಮಾಡಿ ಕಾರಂಜಿಯನ್ನು ಕಟ್ಟಿಸತೊಡಗಿದನು. ಚಾಚಿದ ಕೈಯಿಂದ ಅಲೆಗಳನ್ನು ಅಡಗಿಸುವ ದೇವನಲ್ಲಿ ಲೋಕವನ್ನು ಆಳುವ ಪೋಪರ ಪ್ರಭಾವವನ್ನು ಜನರು ಕಾಣಲಿ ಎಂಬುದು ಆಳುವವರ ಆಶಯ. ಆದರೆ ಮೂರ್ತಿಯು ಪೀಠವನ್ನೇರುವ ಮೊದಲೇ, 1565ರ ಡಿಸೆಂಬರಿನಲ್ಲಿ, ಪಯಸನು ಕಾಲವಾದನು.

ಕಟ್ಟಡದ ರಚನೆ ಪಲೆರ್ಮೊ ನಗರದ ತೊಮ್ಮಾಸೊ ಲೌರೇತಿಯದು. ಮೂರ್ತಿಗಳು 1529ರಲ್ಲಿ ದುಯೆ ಎಂಬ ಊರಿನಲ್ಲಿ ಹುಟ್ಟಿದ ಫ್ಲೆಮಿಷ್ ಶಿಲ್ಪಿ ಜಾಂಬೊಲೊನ್ಯನವು. ಫ್ಲಾರೆನ್ಸಿನಲ್ಲಿ ಇಂಥದೇ ನೆಪ್ಟ್ಯೂನನಿಗಾಗಿ ನಡೆದ ಸ್ಪರ್ಧೆಯಲ್ಲಿ ಆತನು ಸೋತಿದ್ದನು. ಅಲ್ಲಿ ಆ ಕೆಲಸವು ಅಮ್ಮನ್ನಾತಿಯ ಪಾಲಾಯಿತು. ಅಲ್ಲಿ ಕೈತಪ್ಪಿದ ದೇವನನ್ನು ಈತನು ಇಲ್ಲಿ ಕಂಚಿನಲ್ಲಿ ಪಡೆದನು. ಮೂರು ಮೀಟರಿಗೂ ಮಿಕ್ಕ ಮೂರ್ತಿ, ಆದರೂ ಭಾರವೆಂದೆನಿಸದು. ದೇಹವು ಮೆಲ್ಲನೆ ತಿರುಗುತ್ತಿರುವಂತೆ ತೋರುತ್ತದೆ. ಸುತ್ತ ನಡೆದು ನೋಡಿದವನಿಗೆ ಹೆಜ್ಜೆಗೊಂದು ಹೊಸ ನಿಲುವು. ದೇವನ ಪಾದದ ಬಳಿಯ ನಾಲ್ಕು ಶಿಶುಗಳು ಗಂಗೆ, ನೈಲ್, ಅಮೆಜಾನ್, ಡ್ಯಾನ್ಯೂಬ್ ನದಿಗಳ ಸಂಕೇತವೆಂಬ ಪ್ರತೀತಿಯುಂಟು. ನಮ್ಮ ಗಂಗೆ ಅಷ್ಟು ದೂರದ ಚೌಕದಲ್ಲಿ ಶಿಶುರೂಪದಿಂದಿರುವುದನ್ನು ಕೇಳಿ ವಾಚಕರು ಸಂತೋಷಪಡಬಹುದು.

ಚೌಕದಲ್ಲಿ ಚಿಮ್ಮುವ ನೀರಿಗೆ ಊರ ಹೊರಗಿನ ಗುಡ್ಡವೇ ಆಧಾರ. ಲೌರೇತಿಯು ಅಲ್ಲಿ ನೆಲದೊಳಗೆ ಎಂಟು ಮೂಲೆಗಳ ಜಲಾಶಯವನ್ನು ಕಟ್ಟಿಸಿ, ಸುತ್ತಣ ಒರತೆಗಳನ್ನು ಅದರಲ್ಲಿ ಕೂಡಿಸಿ, ತಿಳಿಯಾದ ನೀರನ್ನು ಇಳಿಜಾರಿನ ಬಲದಿಂದಲೇ ಊರಿಗೆ ತಂದನು.

ನೀರು ಬಂದೊಡನೆ ಜನರೂ ಬಂದರು. ಸಂತೆಯವರು ಕಾಯಿಪಲ್ಯಗಳನ್ನು ಅಲ್ಲಿ ತೊಳೆದರು. ಬಟ್ಟೆ ಒಗೆಯುವವರೂ ಸೇರಿದರು. ಜನರ ಅನುಕೂಲಕ್ಕೆಂದು ಬರೆದುದನ್ನು ಜನರು ದಿಟವೆಂದೇ ನಂಬಿದ್ದರು! ಅಧಿಕಾರಿಗಳಿಗೆ ಇದು ಸಹಿಸಲಿಲ್ಲ. 17ನೆಯ ಶತಮಾನದ ಆದಿಯಲ್ಲಿ ಕಾರಂಜಿಯ ಸುತ್ತ ಕಬ್ಬಿಣದ ಕಟಕಟೆ ಎದ್ದಿತು. 19ನೆಯ ಶತಮಾನದ ಕೊನೆಯಲ್ಲಿ ಅದನ್ನು ತೆಗೆಯುವವರೆಗೂ, ಜನರ ಹಣದಿಂದಾದ ನೀರನ್ನು ಜನರು ಸರಳುಗಳ ಆಚೆಯಿಂದ ನೋಡಬೇಕಾಯಿತು.

ಆಳುವವರನ್ನು ಅವಿವೇಕಿಗಳೆಂದು ಜರೆಯುವುದು ಸುಲಭ. ಆದರೆ ಅವರು ಕಾಯದೆ ಹೋಗಿದ್ದರೆ ಜಾಂಬೊಲೊನ್ಯನ ಕೃತಿ ನಮಗೆ ಉಳಿಯುತ್ತಿತ್ತೋ ಇಲ್ಲವೋ. ತೊಳೆಯಬಂದವರ ಹಕ್ಕೂ ಸುಳ್ಳಲ್ಲ. ಅವರು ಓದಿಕೊಂಡದ್ದು ಕಲ್ಲಿನಲ್ಲಿ ಕೊರೆದ ಮಾತನ್ನೇ. 2017ರಲ್ಲಿ ಜೀರ್ಣೋದ್ಧಾರ ಮುಗಿದ ಕಾರಂಜಿಯು ಈಗ ಕಟಕಟೆಯಿಲ್ಲದೆ ನಿಂತಿದೆ. ಪೋಪರ ಆಳ್ವಿಕೆ ಅಳಿಯಿತು; ಚೌಕವೂ ನೀರೂ ಜನರೂ ಉಳಿದರು. ಊರೊಂದು ತನ್ನ ಹಣದಿಂದ ಚೆಲುವನ್ನು ಕಟ್ಟುವಾಗ, ಅದನ್ನು ಮುಟ್ಟಬರುವ ಕೈಗಳಿಗೂ ಪಕ್ಕದಲ್ಲಿ ಒಂದು ತೊಟ್ಟಿಯನ್ನು ಕಟ್ಟಿಡುವುದು ಲೇಸು.