ರಾತ್ರಿಯ ಕಥೆ ಹೇಳಿದ ಮಣಿಕಟ್ಟು

ನಮ್ಮ ಕಡೆ ‘ಅರವತ್ತಕ್ಕೆ ಅರಳುಮರಳು’ ಅಂತ ಹೇಳಿ ಸುಮ್ಮನಾಗುತ್ತೇವೆ. ಆದರೆ ಡಿಮೆನ್ಷಿಯಾ ವಯಸ್ಸಿನ ಗುಣವಲ್ಲ, ಮಿದುಳಿಗೆ ಬರುವ ಕಾಯಿಲೆ. ಎಷ್ಟೋ ಮನೆಗಳಲ್ಲಿ ಮರೆವಿಗಿಂತ ಹೆಚ್ಚಾಗಿ ಮನೆಯವರನ್ನು ಹಣ್ಣು ಮಾಡುವುದು ರಾತ್ರಿ. ಹಗಲೆಲ್ಲ ತೂಕಡಿಸಿದ ಅಜ್ಜಿ ನಡುರಾತ್ರಿ ಎದ್ದು ಬಾಗಿಲ ಚಿಲಕ ತೆಗೆಯುತ್ತಾರೆ.

ರಾತ್ರಿ ನಿದ್ದೆ ಬಂತಾ ಎಂದು ಬೆಳಿಗ್ಗೆ ಕೇಳಿದರೆ ಅವರಿಗೆ ನೆನಪಿರುವುದಿಲ್ಲ. ನೋಡಿಕೊಳ್ಳುವವರೂ ದಿನವೂ ಜಾಗರಣೆ ಮಾಡಲಾರರು. ಸಂಶೋಧಕರಿಗೂ ಇದೇ ತೊಡಕಿತ್ತು. ಅವರಿಗೆ ದಾರಿಯಾದದ್ದು ಆಕ್ಟಿಗ್ರಾಫ್. ವಾಚಿನಂತೆ ಕೈಗೆ ಕಟ್ಟುವ ಈ ಸಾಧನ, ಕೈ ಅಲ್ಲಾಡಿದ್ದನ್ನೆಲ್ಲ ಹಗಲೂ ರಾತ್ರಿಯೂ ದಾಖಲಿಸುತ್ತದೆ. ಇಂದಿನ ಫಿಟ್‌ನೆಸ್ ಬ್ಯಾಂಡುಗಳಿಗೆ ಇದು ಹಿರಿಯಣ್ಣ.

1997ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾನ್ ಸೋಮೆರೆನ್ ಮತ್ತು ಸಂಗಡಿಗರು ಡಿಮೆನ್ಷಿಯಾ ಇದ್ದ 22 ಜನರ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರು ಕೂರುವ ಕೋಣೆಗಳಲ್ಲಿ 4 ವಾರ ಹಗಲಿನ ಬೆಳಕು ಹೆಚ್ಚಿಸಿದ್ದರು. ಕಣ್ಣು ಚೆನ್ನಾಗಿದ್ದವರ ಹಗಲು-ರಾತ್ರಿಯ ಲಯ ಹದಕ್ಕೆ ಬಂತು. ದೃಷ್ಟಿ ತೀರಾ ಮಂದವಾಗಿದ್ದವರಲ್ಲಿ ಬದಲಾವಣೆ ಕಾಣಲಿಲ್ಲ. ಹಗಲು ಯಾವುದು ಎಂದು ಮಿದುಳಿಗೆ ತಿಳಿಸುವುದು ಕಣ್ಣಿಗೆ ಬೀಳುವ ಬೆಳಕೇ ಎಂಬುದಕ್ಕೆ ಇದು ಪುಷ್ಟಿ ಕೊಟ್ಟಿತು.

ಮುಂದೆ ಅದೇ ದೇಶದ 12 ಆರೈಕೆ ಮನೆಗಳ 189 ಹಿರಿಯರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ 2008ರಲ್ಲಿ ಹೊರಬಂತು. ಕೆಲವು ಕಡೆ ಸುಮಾರು 1000 ಲಕ್ಸ್ ಬೆಳಕು, ಉಳಿದ ಕಡೆ ಸುಮಾರು 300. ಹೆಚ್ಚು ಬೆಳಕಿದ್ದಲ್ಲಿ ಬುದ್ಧಿಶಕ್ತಿ ಕುಂದುವುದು ತುಸು ನಿಧಾನವಾಯಿತು, ಖಿನ್ನತೆಯೂ ತಗ್ಗಿತು. ಮೆಲಟೋನಿನ್ ಮಾತ್ರೆ ಪಡೆದವರ ನಿದ್ದೆ ಸರಾಸರಿ 27 ನಿಮಿಷ ಹೆಚ್ಚಿತು. ಆದರೆ ಬೆಳಕಿಲ್ಲದೆ ಮಾತ್ರೆಯೊಂದನ್ನೇ ಪಡೆದವರ ಮನಸ್ಸು ಕುಗ್ಗಿತು, ಜನರಿಂದ ದೂರ ಸರಿದರು.

ಈ ಕುಗ್ಗಿದ ಮನಸ್ಸನ್ನು ಗುರುತಿಸಿದವರು ಹತ್ತಿರವಿದ್ದು ಆರೈಕೆ ಮಾಡುತ್ತಿದ್ದವರು. ಕೈಗೆ ಕಟ್ಟಿದ ಯಂತ್ರಕ್ಕೆ ತಿಳಿಯುವುದು ಅಲುಗಾಟ ಮಾತ್ರ. ಎಚ್ಚರವಾಗಿಯೇ ಅಲುಗಾಡದೆ ಮಲಗಿದರೂ ಅದು ನಿದ್ದೆಯೆಂದೇ ಬರೆದುಕೊಳ್ಳುತ್ತದೆ. ಆದ್ದರಿಂದ ಯಂತ್ರದ ಲೆಕ್ಕವೂ ಬೇಕು, ಮನುಷ್ಯರ ಕಣ್ಣೂ ಬೇಕು.

ಬೆಳಕಿನಿಂದ ಡಿಮೆನ್ಷಿಯಾ ವಾಸಿಯಾಗುವುದಿಲ್ಲ. ಆದರೆ ರಾತ್ರಿ ಅಲೆಯುವುದು ಅಜ್ಜಿಯ ಹಟವಲ್ಲ, ದಾರಿ ತಪ್ಪಿದ ದೇಹದ ಗಡಿಯಾರ ಎಂದು ಈ ಚರಿತ್ರೆ ನಮಗೆ ಹೇಳುತ್ತದೆ. ಕತ್ತಲೆಯ ನಡುಮನೆಯ ಮೂಲೆಯಲ್ಲಿ ಅವರನ್ನು ಕೂರಿಸಿದ್ದರೆ, ನಾಳೆ ಬೆಳಿಗ್ಗೆ ಜಗಲಿಗೆ ಕರೆತಂದು ಕೂರಿಸೋಣ. ನಿದ್ದೆ ಮಾತ್ರೆಯ ವಿಷಯ ಮಾತ್ರ ಡಾಕ್ಟರನ್ನು ಕೇಳಿಯೇ ತೀರ್ಮಾನಿಸೋಣ.