ಬೇತಾಳನ ಕಥೆಗೆ ಚಿತ್ರ ಬರೆದ ಶಂಕರ್

ಛಲ ಬಿಡದ ತ್ರಿವಿಕ್ರಮ ಅಂದ ತಕ್ಷಣ ನಿಮ್ಮ ಕಣ್ಣಿಗೆ ಏನು ಬರುತ್ತೆ? ನನಗಂತೂ ಹಿರಿದ ಕತ್ತಿ, ಹೆಗಲ ಮೇಲೊಂದು ಹೆಣ, ಸ್ಮಶಾನದಲ್ಲಿ ನಡೆದು ಹೋಗುತ್ತಿರುವ ರಾಜ. ಚಂದಮಾಮ ಓದಿ ಬೆಳೆದ ಯಾರನ್ನೇ ಕೇಳಿ, ಅದೇ ಚಿತ್ರ. ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್.

1924ರಲ್ಲಿ ಈರೋಡಿನ ಹತ್ತಿರ ಹುಟ್ಟಿದವರು. ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, 1950ರ ದಶಕದ ಆರಂಭದಲ್ಲಿ ಚಂದಮಾಮ ಸೇರಿದರು. ಆಮೇಲೆ ಸುಮಾರು 60 ವರ್ಷ ಅದೇ ಕೆಲಸ! ನಾಗಿರೆಡ್ಡಿ-ಚಕ್ರಪಾಣಿ 1947ರಲ್ಲಿ ಶುರು ಮಾಡಿದ ಈ ಪತ್ರಿಕೆ 10ಕ್ಕೂ ಹೆಚ್ಚು ಭಾಷೆಗಳಲ್ಲಿ ಬಂತು. ಭಾಷೆಗೆ ತಕ್ಕಂತೆ ಅಕ್ಷರ ಬದಲಾಗುತ್ತಿತ್ತು, ಚಿತ್ರ ಮಾತ್ರ ಒಂದೇ. ಹಾಗಾಗಿ ಕನ್ನಡದ ಮಕ್ಕಳಿಗೂ ಮರಾಠಿ ಮಕ್ಕಳಿಗೂ ರಾಜ, ರಾಕ್ಷಸ, ಋಷಿ ಎಲ್ಲರದ್ದೂ ಅದದೇ ಮುಖ. ಇಷ್ಟು ಭಾಷೆಯ ಮಕ್ಕಳು ಒಟ್ಟಿಗೆ ನೋಡಿದ ಗೆರೆ ಇನ್ನೊಂದು ಇದೆಯೋ ಇಲ್ಲವೋ...

ಪತ್ರಿಕೆ ನಿಂತು ವರ್ಷಗಳಾದವು. ಶಂಕರ್ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು 2021ರಲ್ಲಿ, ಮರಣೋತ್ತರ. 90 ದಾಟಿದ ಮನುಷ್ಯ, ಬದುಕಿದ್ದಾಗಲೇ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಅಟ್ಟದ ಮೇಲೆ ಹಳೇ ಚಂದಮಾಮ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ ಮಾರಾಯ್ರೆ. ಇಳಿಸಿ, ಧೂಳು ಕೊಡವಿ, ಚಿತ್ರದ ಮೂಲೆಯಲ್ಲಿ ಅವರ ಸಹಿ ಇದೆಯಾ ನೋಡಿ.